ಹೆಗಲಿಗೆ ಚೀಲ, ಕೈಯಲ್ಲಿ ಸ್ವಂತ ಪಾಸ್‌ಪೋರ್ಟ್

ಕಳೆದ ತಿಂಗಳು ಒಂದು ದಿನ ಮಗ್ರಿಬ್ ನಮಾಝ್ ಮುಗಿಸಿ ನಾವು ಮದ್ರಸದ ಜಗಲಿಯಲ್ಲಿ ಕೂತಿದ್ದೆವು. ದಾಂಡೇಲಿ ಪೇಟೆಯಲ್ಲಿ ಬೇಕರಿ ಇಟ್ಟುಕೊಂಡಿರುವ ನಮ್ಮ ಪರಿಚಯದ ಒಬ್ಬರು ಮಗನನ್ನು ಮುಂದೆ ಮಾಡಿಕೊಂಡು ಬಂದರು. ಬಂಟ್ವಾಳದ ಕಡೆಯಿಂದ ಮೂವತ್ತು ವರ್ಷದ ಹಿಂದೆ ಇಲ್ಲಿಗೆ ಬಂದು ನೆಲೆಯಾದ ಬ್ಯಾರಿ ಕುಟುಂಬ. ಮಗ ನಮ್ಮ ಹತ್ತಿರವೇ ಮದ್ರಸ ಕಲಿತವನು, ಈಗ 24 ವರ್ಷ. ಗಣೇಶಗುಡಿ ಕಡೆ ಕಾಳಿ ನದಿಯಲ್ಲಿ ಪ್ರವಾಸಿಗರನ್ನು ರಾಫ್ಟಿಂಗಿಗೆ ಕರೆದುಕೊಂಡು ಹೋಗುವ ಕೆಲಸ.

ಸಲಾಂ ಹೇಳಿ ಕೂತವರೇ, "ಉಸ್ತಾದರೇ, ಇವನಿಗೆ ಸ್ವಲ್ಪ ಬುದ್ಧಿ ಹೇಳಿ. ವಿದೇಶಕ್ಕೆ ಹೋಗ್ತಾನಂತೆ" ಅಂದರು.

"ಒಳ್ಳೆಯದೇ ಅಲ್ವಾ? ವೀಸಾ ಬಂತಾ?"

"ಕೆಲಸಕ್ಕಲ್ಲ ಉಸ್ತಾದರೇ."

"ಮತ್ತೆ ಉಮ್ರಾಕ್ಕಾ?"

"ಅದೂ ಅಲ್ಲ. ನೋಡ್ಲಿಕ್ಕಂತೆ! ಬೆನ್ನಿಗೊಂದು ಚೀಲ ಹಾಕ್ಕೊಂಡು ಒಬ್ಬನೇ ಮಲೇಷ್ಯಾ ತಿರುಗ್ತಾನಂತೆ. ಹದಿನೈದು ದಿವಸ. ನಾಳೆ ಇವನಿಗೆ ಯಾರಾದ್ರೂ ಹೆಣ್ಣು ಕೊಡ್ತಾರಾ ಹೇಳಿ?"

ನಿಜ ಹೇಳಬೇಕೆಂದರೆ ನಮ್ಮ ಬಾಯಿಗೆ ಮೊದಲು ಬಂದದ್ದೂ "ಯಾಕೆ ಮೋನೆ ಸುಮ್ಮನೆ ದುಡ್ಡು ಹಾಳು?" ಎಂಬ ಮಾತೇ. ಆದರೆ ಹುಡುಗ ಚೀಲದಿಂದ ಒಂದು ನೋಟ್ ಪುಸ್ತಕ ತೆಗೆದು ನಮ್ಮ ಮುಂದೆ ಇಟ್ಟ. ದಿನಕ್ಕೊಂದು ಪುಟ. ಎಲ್ಲಿ ಇಳಿಯುವುದು, ಎಲ್ಲಿ ಮಲಗುವುದು, ಬಸ್ಸಿಗೆ ಎಷ್ಟು, ಊಟಕ್ಕೆ ಎಷ್ಟು, ಎಲ್ಲ ಬರೆದಿದ್ದ. ಕೊನೆಯ ಪುಟದಲ್ಲಿ ಒಟ್ಟು ಲೆಕ್ಕ 80,000 ರೂಪಾಯಿ. ಅದನ್ನು ನೋಡಿದ ಮೇಲೆ ಬುದ್ಧಿ ಹೇಳಲು ನಮಗೆ ಬಾಯಿ ಬರಲಿಲ್ಲ. ಅವತ್ತಿನಿಂದ ಈ ವಿಷಯ ತಲೆಯಲ್ಲಿ ಸುತ್ತುತ್ತಾ ಇದೆ. ನಮ್ಮ ಸಮುದಾಯದ ಇನ್ನೂ ಹಲವು ಮನೆಗಳಲ್ಲಿ ಇದೇ ಮಾತು ಬರುವ ಕಾಲ ಬಂದಿದೆ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇವೆ.

ಬ್ಯಾರಿಗಳಾದ ನಮಗೆ ಪಾಸ್‌ಪೋರ್ಟ್ ಹೊಸದಲ್ಲ. ಪಡಿತರ ಚೀಟಿ ಮಾಡಿಸುವ ಮೊದಲೇ ಪಾಸ್‌ಪೋರ್ಟ್ ಮಾಡಿಸಿದ ಮನೆಗಳು ಎಷ್ಟೋ ಇವೆ. ಆದರೆ ಅದು ನಮಗೆ ಎರಡೇ ಕೆಲಸಕ್ಕೆ: ಒಂದು ದುಡಿಮೆ, ಇನ್ನೊಂದು ಹಜ್ಜ್ ಉಮ್ರಾ. ಈ ಎರಡನ್ನೂ ಬಿಟ್ಟು ಮೂರನೆಯದಕ್ಕೆ ಹೊರಟರೆ ಅದು ತಲೆಹರಟೆ. ಹತ್ತೊಂಬತ್ತು ವರ್ಷದ ಹುಡುಗ ಯಾರೋ ಕಳಿಸಿದ ವೀಸಾ ಹಿಡಿದು, ಗೊತ್ತಿಲ್ಲದ ಊರಿಗೆ, ಗೊತ್ತಿಲ್ಲದ ಕಫೀಲನ ಕೈಕೆಳಗೆ, ಒಬ್ಬನೇ ವಿಮಾನ ಹತ್ತಿದರೆ ನಾವು "ಧೈರ್ಯವಂತ" ಅನ್ನುತ್ತೇವೆ. ಅದೇ ಹುಡುಗ ಸ್ವಂತ ದುಡ್ಡಿನಲ್ಲಿ, ಹೋಗುವ ದಿನವೂ ಬರುವ ದಿನವೂ ತಾನೇ ಗೊತ್ತು ಮಾಡಿ ಹೊರಟರೆ "ಹುಚ್ಚ" ಅನ್ನುತ್ತೇವೆ. ಎರಡರಲ್ಲಿ ಹೆಚ್ಚು ಅಪಾಯ ಯಾವುದು? ಸ್ವಲ್ಪ ಯೋಚಿಸಬೇಕಾದ ಮಾತು.

ನಾವು ಹೀಗೆ ಕೇಳುವುದಕ್ಕೆ ಕಾರಣ ಇದೆ. ಇಪ್ಪತ್ತೆರಡನೇ ವಯಸ್ಸಿನಲ್ಲಿ ನಾವೂ ಗಲ್ಫಿನ ಒಂದು ದೇಶಕ್ಕೆ ಹೋಗಿದ್ದೆವು. ಇಳಿದ ದಿನವೇ ಪಾಸ್‌ಪೋರ್ಟ್ ತೆಗೆದುಕೊಂಡರು. ಕೊಡುವುದು ತಪ್ಪು ಅಂತ ನಮಗೆ ಗೊತ್ತಿರಲಿಲ್ಲ, ಕೇಳುವ ಬಾಯಿಯೂ ಇರಲಿಲ್ಲ. ಭಾರತದ ಪಾಸ್‌ಪೋರ್ಟ್ ಭಾರತ ಸರಕಾರದ ಸ್ವತ್ತು, 1967ರ ಪಾಸ್‌ಪೋರ್ಟ್ ಕಾಯ್ದೆ ಹಾಗೆ ಹೇಳುತ್ತದೆ ಎಂಬುದನ್ನು ನಾವು ಓದಿ ತಿಳಿದದ್ದು ಊರಿಗೆ ಬಂದ ಮೇಲೆ. ಎರಡನೇ ವರ್ಷ ಉಮ್ಮ ತೀರಿಹೋದರು. ಪಾಸ್‌ಪೋರ್ಟ್ ಕೈಗೆ ಬರುವಾಗ ಹದಿನೇಳು ದಿನ ಆಗಿತ್ತು. ಇದನ್ನು ಯಾರ ಮೇಲೂ ದೂರು ಹೇಳಲು ಬರೆಯುತ್ತಿಲ್ಲ. ಜೀವನದಲ್ಲಿ ಒಂದೇ ಒಂದು ಸಲವಾದರೂ ಸ್ವಂತ ಕಾಗದಪತ್ರ ಸ್ವಂತ ಕೈಯಲ್ಲಿ ಹಿಡಿದು ಗಡಿ ದಾಟಿದವನಿಗೆ, ಆಮೇಲೆ ಕೆಲಸಕ್ಕೆ ಹೋದಾಗಲೂ ಏನು ಕೇಳಬೇಕು, ಯಾವುದಕ್ಕೆ ಸಹಿ ಹಾಕಬಾರದು ಅಂತ ಗೊತ್ತಿರುತ್ತದೆ. ನಮಗೆ ಅದು ಗೊತ್ತಿರಲಿಲ್ಲ.

ಗಡಿ ಅಂದರೆ ಏನು ಅಂತ ಈ ಸೂಪಾ ಸೀಮೆಯವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಜೋಯಿಡಾ ತಾಲೂಕಿನ ಕ್ಯಾಸಲ್‌ರಾಕ್ ರೈಲು ನಿಲ್ದಾಣವನ್ನೇ ನೋಡಿ. 1961ರ ಡಿಸೆಂಬರಿನಲ್ಲಿ ಗೋವಾ ವಿಮೋಚನೆ ಆಗುವವರೆಗೆ ಆಚೆ ಬದಿ ಪೋರ್ಚುಗೀಸರ ಆಡಳಿತ. ಇವತ್ತು ಮೀನು ತರಲು ಹೋಗಿಬರುವಷ್ಟು ಹತ್ತಿರದ ಊರು ಆಗ ವಿದೇಶ. ಮುಂಡಗೋಡಿನ ಟಿಬೆಟನ್ ಕಾಲೊನಿ ಶುರುವಾದದ್ದು 1966ರಲ್ಲಿ. ಅಲ್ಲಿಯ ಹಿರಿಯರು ಹಿಮಾಲಯ ದಾಟಿ ಬರುವಾಗ ಅವರ ಕೈಯಲ್ಲಿ ಪಾಸ್‌ಪೋರ್ಟ್ ಇರಲಿಲ್ಲ. ಈಗಲೂ ಭಾರತದ ಪೌರತ್ವ ಪಡೆಯದ ಟಿಬೆಟನ್ನರು ವಿದೇಶಕ್ಕೆ ಹೋಗಬೇಕಾದರೆ ಸರಕಾರ ಕೊಡುವ ಹಳದಿ ರಟ್ಟಿನ ಗುರುತಿನ ಪುಸ್ತಕ ಹಿಡಿದೇ ಹೋಗಬೇಕು. ಹಳಿಯಾಳದ ಕಡೆಯ ನಮ್ಮ ಸಿದ್ದಿ ಸಹೋದರರ ಪೂರ್ವಜರನ್ನು ಆಫ್ರಿಕಾದಿಂದ ಕಡಲು ದಾಟಿಸಿ ತಂದವರು ಅವರನ್ನು ಕೇಳಿ ತರಲಿಲ್ಲ. ಇಷ್ಟೆಲ್ಲ ನೋಡಿದ ಮಣ್ಣಿನಲ್ಲಿ ಬೆಳೆದ ಹುಡುಗನಿಗೆ ತನ್ನ ಇಷ್ಟದಿಂದ ಹೋಗಿ, ತನ್ನ ಇಷ್ಟದಿಂದ ವಾಪಸು ಬರುವ ಅವಕಾಶ ಸಿಕ್ಕಿದೆ ಅಂದರೆ ಅದು ಸಣ್ಣ ನಿಅಮತ್ ಅಲ್ಲ.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಹುಡುಗನ ಉಪ್ಪ ಕೂಡ ಕೇಳಿದರು: "ಒಬ್ಬನೇ ಪ್ರಯಾಣ ಹೋಗಬಾರದು ಅಂತ ಹದೀಸ್ ಇಲ್ವಾ ಉಸ್ತಾದರೇ?" ಇದೆ. ಒಂಟಿ ಪ್ರಯಾಣವನ್ನು, ಅದರಲ್ಲೂ ರಾತ್ರಿಯ ಒಂಟಿ ಸವಾರಿಯನ್ನು ಪ್ರವಾದಿಯವರು ನಿರುತ್ಸಾಹಗೊಳಿಸಿದ್ದಾರೆ. ಅದನ್ನು ಮುಚ್ಚಿಟ್ಟು ಬರೆಯುವುದು ನಮಗೆ ಸರಿಯಲ್ಲ. ಉಲಮಾಗಳು ಅದರ ಕಾರಣವನ್ನೂ ವಿವರಿಸಿದ್ದಾರೆ: ನಿರ್ಜನ ದಾರಿ, ಕಳ್ಳರ ಭಯ, ಬಿದ್ದರೆ ಎತ್ತುವವರಿಲ್ಲದ ಸ್ಥಿತಿ. ನೂರಾರು ಜನ ಇರುವ ವಿಮಾನ, ಸಂಜೆಯವರೆಗೂ ಓಡುವ ರೈಲು ಬಸ್ಸು ಅಂಥ ಒಂಟಿ ದಾರಿ ಅಲ್ಲ ಎಂಬುದು ನಮ್ಮ ತಿಳಿವಳಿಕೆ. ಆದರೂ ಆ ಮಾತಿನೊಳಗಿನ ಎಚ್ಚರಿಕೆಯನ್ನು ಬಿಡಬಾರದು. ನಾವು ಹುಡುಗನ ನೋಟ್ ಪುಸ್ತಕ ನೋಡಿದಾಗ ಅವನ ವಿಮಾನ ಕೌಲಾಲಂಪುರಕ್ಕೆ ಇಳಿಯುವುದು ನಡುರಾತ್ರಿ ಒಂದೂವರೆಗೆ ಅಂತ ಇತ್ತು. ಟಿಕೆಟ್‌ಗೆ 1,800 ರೂಪಾಯಿ ಕಡಿಮೆ ಅಂತ ಅದನ್ನು ಆರಿಸಿದ್ದ. "ಇದನ್ನು ಬದಲಿಸು. ಹಗಲಲ್ಲಿ ಇಳಿ. ಗೊತ್ತಿಲ್ಲದ ಊರಿಗೆ ಮೊದಲ ಸಲ ಕಾಲಿಡುವವನು ಬೆಳಕಿರುವಾಗ ಇಡಬೇಕು" ಅಂದೆವು. ತಕ್ಷಣ ಒಪ್ಪಿಕೊಂಡ.

ಒಂಟಿಯಾಗಿ ಹೊರಟವರ ಮಾತು ಬಂದರೆ ನಮ್ಮಲ್ಲಿ ಇಬ್ನ್ ಬತೂತಾರ ಹೆಸರು ಬರಲೇಬೇಕು. 1325ರಲ್ಲಿ ಮೊರಾಕ್ಕೋದ ಟ್ಯಾಂಜಿಯರ್ ಬಿಡುವಾಗ ಅವರಿಗೆ 21 ವರ್ಷ. ಹೊರಟದ್ದು ಹಜ್ಜಿಗೆ, ಜೊತೆಗಾರರಿಲ್ಲದೆ. ಟ್ಯೂನಿಸ್ ತಲುಪಿದಾಗ ಬಂದವರನ್ನೆಲ್ಲ ಅವರವರ ಪರಿಚಯದವರು ಸಲಾಂ ಹೇಳಿ ಬರಮಾಡಿಕೊಂಡರು, ತನ್ನನ್ನು ಮಾತಾಡಿಸುವವರೇ ಇಲ್ಲ ಅಂತ ಈ ಹುಡುಗ ಅತ್ತುಬಿಟ್ಟರಂತೆ. ಅದನ್ನು ನೋಡಿದ ಒಬ್ಬ ಯಾತ್ರಿಕ ಹತ್ತಿರ ಬಂದು ಮಾತಾಡಿಸಿದ ಮೇಲೆ ಸಮಾಧಾನ ಆಯಿತು. ಮುಂದೆ ಅರ್ಧ ಲೋಕ ತಿರುಗಿದವರೂ ಮೊದಲ ಊರಲ್ಲಿ ಅತ್ತಿದ್ದಾರೆ. ಹಾಗಾಗಿ ಮೂರನೇ ದಿನ ಮಗ ಫೋನ್ ಮಾಡಿ ಗಂಟಲು ಕಟ್ಟಿದ ದನಿಯಲ್ಲಿ ಮಾತಾಡಿದರೆ "ನಾನು ಅವತ್ತೇ ಹೇಳಿದ್ದೆ" ಅಂತ ಮನೆಯವರು ಹೇಳಬಾರದು. "ಊಟ ಆಯ್ತಾ?" ಅಂತ ಕೇಳಿದರೆ ಸಾಕು.

ಅವರು ನಮ್ಮ ಕರಾವಳಿಗೂ ಬಂದಿದ್ದರು. ನಮ್ಮದೇ ಜಿಲ್ಲೆಯ ಹೊನ್ನಾವರ, ಆಮೇಲೆ ಬಾರ್ಕೂರು, ಮಂಗಳೂರು ಎಲ್ಲ ನೋಡಿ ಬರೆದಿಟ್ಟಿದ್ದಾರೆ. ಮುಂದೊಮ್ಮೆ ಇದೇ ಹೊನ್ನಾವರ ಮತ್ತು ಬಾರ್ಕೂರಿನ ನಡುವಿನ ಒಂದು ಸಣ್ಣ ದ್ವೀಪದ ಹತ್ತಿರ ಕಡಲ್ಗಳ್ಳರು ಹಡಗುಗಳಲ್ಲಿ ಬಂದು ಸುತ್ತುವರಿದು ಅವರ ಮೈಮೇಲಿನ ಒಂದು ಪಾಯಿಜಾಮ ಬಿಟ್ಟು ಉಳಿದದ್ದೆಲ್ಲ ದೋಚಿದರು. ಕಲ್ಲಿಕೋಟೆಗೆ ಹಿಂತಿರುಗಿದಾಗ ಅಲ್ಲಿಯ ಪಂಡಿತರೊಬ್ಬರು ಬಟ್ಟೆ ಕೊಟ್ಟರು, ಖಾಝಿ ಮುಂಡಾಸು ಕೊಟ್ಟರು. ಈ ಕಥೆ ಹೇಳಿ ನಾವು ಹುಡುಗನಿಗೆ, "ದುಡ್ಡು ಒಂದೇ ಕಡೆ ಇಡಬೇಡ" ಅಂದೆವು. ಸ್ವಲ್ಪ ಸೊಂಟದಲ್ಲಿ, ಸ್ವಲ್ಪ ಚೀಲದಲ್ಲಿ, ಕಾರ್ಡ್ ಬೇರೆ ಕಡೆ. ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟದ ನಕಲು ಎರಡು ಪ್ರತಿ, ಒಂದು ಚೀಲದಲ್ಲಿ, ಒಂದು ಮನೆಯಲ್ಲಿ ಉಮ್ಮನ ಹತ್ತಿರ.

ಇನ್ನು ತಯಾರಿಯ ವಿಷಯ. ಹೊರಡುವವರಿಗೂ, ಕಳಿಸುವ ಮನೆಯವರಿಗೂ ಉಪಯೋಗಕ್ಕೆ ಬರಲಿ ಅಂತ ನಾವು ಆ ಹುಡುಗನಿಗೆ ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಬರೆಯುತ್ತೇವೆ.

ಮೊದಲನೆಯ ಪ್ರಶ್ನೆ, ದುಡ್ಡು ಯಾರದ್ದು? ಸಾಲ ಮಾಡಿ ತಿರುಗಲು ಹೋಗುವುದು ಬೇಡ. ತಂಗಿಯ ಮದುವೆಗೆ ಇಟ್ಟದ್ದನ್ನು ಮುಟ್ಟುವುದು ಬೇಡವೇ ಬೇಡ. ಈ ಹುಡುಗ ತಿಂಗಳ ಸಂಬಳದಲ್ಲಿ ಅರ್ಧ ಮನೆಗೆ ಕೊಟ್ಟು, ಉಳಿದದ್ದರಲ್ಲಿ ಮೂರು ವರ್ಷ ಕೂಡಿಟ್ಟಿದ್ದಾನೆ. ಉಪ್ಪನೂ ಅದನ್ನು ಒಪ್ಪಿದರು. ಹೋಗುವ ಸಮಯವನ್ನೂ ಲೆಕ್ಕ ಹಾಕಿಯೇ ಇಟ್ಟಿದ್ದಾನೆ. ಮಳೆಗಾಲದಲ್ಲಿ ಕಾಳಿಯಲ್ಲಿ ರಾಫ್ಟಿಂಗ್ ನಿಲ್ಲುತ್ತದೆ, ಆಗ ಹೋದರೆ ದುಡಿಮೆಗೆ ನಷ್ಟ ಇಲ್ಲ.

ಎರಡನೆಯದು, ಕಾಗದಪತ್ರ. ಪಾಸ್‌ಪೋರ್ಟ್ ಮಾಡಿಸಲು ದಲ್ಲಾಳಿ ಬೇಕಾಗಿಲ್ಲ. ಮೊಬೈಲಿನಲ್ಲೇ ಅರ್ಜಿ ತುಂಬಿ, ದಿನ ಗೊತ್ತು ಮಾಡಿ, ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗಿಬಂದರೆ ಆಯಿತು. 36 ಪುಟದ ಸಾಮಾನ್ಯ ಪಾಸ್‌ಪೋರ್ಟಿಗೆ ಸರಕಾರದ ಶುಲ್ಕ 1,500 ರೂಪಾಯಿ, ದೊಡ್ಡವರಿಗೆ ಅವಧಿ 10 ವರ್ಷ. ಎಸ್ಸೆಸ್ಸೆಲ್ಸಿ ಪಾಸಾದ ದಾಖಲೆ ತಪ್ಪದೆ ಕೊಡಬೇಕು. ಕೊಡದಿದ್ದರೆ ವಲಸೆ ತಪಾಸಣೆ ಬೇಕು ಎಂಬ ಷರಾ ಬಿದ್ದು, ಮುಂದೆ ಗಲ್ಫಿಗೆ ಕೆಲಸಕ್ಕೆ ಹೋಗುವಾಗ ತೊಂದರೆ ಆಗುತ್ತದೆ. ಹತ್ತನೇ ತರಗತಿ ಮುಗಿಸದೆ ಓದು ಬಿಡಿಸುವ ಹೆತ್ತವರು ಇದನ್ನೊಂದು ನೆನಪಿಟ್ಟುಕೊಳ್ಳಿ. ಪಾಸ್‌ಪೋರ್ಟಿನಲ್ಲಿ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು.

ಮಲೇಷ್ಯಾ 2023ರ ಡಿಸೆಂಬರ್ 1ರಿಂದ ಭಾರತೀಯರನ್ನು 30 ದಿನಗಳವರೆಗೆ ವೀಸಾ ಇಲ್ಲದೆ ಬಿಡುತ್ತಿದೆ. ಇಂಥ ರಿಯಾಯಿತಿಗಳು ಆಗಾಗ ಬದಲಾಗುತ್ತವೆ, ಟಿಕೆಟ್ ತೆಗೆಯುವ ಮುಂಚೆ ಆ ದೇಶದ ಸರಕಾರದ್ದೇ ಮಾಹಿತಿ ನೋಡಬೇಕು. ವೀಸಾ ಇಲ್ಲ ಅಂದರೆ ಏನೂ ಬೇಡ ಅಂತ ಅರ್ಥ ಅಲ್ಲ. ತಲುಪುವ ಮೂರು ದಿನದೊಳಗೆ ಅವರ ಡಿಜಿಟಲ್ ಆಗಮನ ಪತ್ರ ತುಂಬಬೇಕು. ವಾಪಸು ಟಿಕೆಟ್, ಉಳಿಯುವ ಜಾಗದ ಬುಕಿಂಗ್, ಖರ್ಚಿಗೆ ದುಡ್ಡು ಇದೆ ಎಂಬ ದಾಖಲೆ ಕೇಳಬಹುದು. ತೃಪ್ತಿ ಆಗದಿದ್ದರೆ ಬಂದ ದಾರಿಗೇ ವಾಪಸು ಕಳಿಸುವ ಅಧಿಕಾರ ಅವರಿಗಿದೆ. ಕೇಳಿದ್ದಕ್ಕೆ ಮಾತ್ರ, ನಿಜವನ್ನೇ, ನೇರವಾಗಿ ಉತ್ತರಿಸಬೇಕು. ಪ್ರಯಾಣ ವಿಮೆ ಮಾಡಿಸಲು ಹಿಂದೆ ಮುಂದೆ ನೋಡಬಾರದು. ಪರದೇಶದ ಆಸ್ಪತ್ರೆಯ ಒಂದು ರಾತ್ರಿಯ ಬಿಲ್ಲಿಗೆ ಬೇಕರಿಯ ತಿಂಗಳ ವ್ಯಾಪಾರ ಸಾಲದೆ ಹೋಗಬಹುದು.

ಮೂರನೆಯದು, ಚೀಲದೊಳಗೆ ಏನಿದೆ? "ನಮ್ಮ ಸಂಬಂಧಿಕರಿಗೆ ಇದೊಂದು ಕೊಡು ಮಾರಾಯ" ಅಂತ ಯಾರು ಪಾರ್ಸೆಲ್ ಕೊಟ್ಟರೂ ತೆಗೆದುಕೊಳ್ಳಬಾರದು. ಇದರಲ್ಲಿ ದಾಕ್ಷಿಣ್ಯ ಇಲ್ಲ. ಮಾದಕ ವಸ್ತು ಸಾಗಾಟಕ್ಕೆ ಮಲೇಷ್ಯಾದಲ್ಲಿ ಮರಣದಂಡನೆವರೆಗೂ ಶಿಕ್ಷೆ ಇದೆ. ನಾವು ಪಾಯಸಕ್ಕೆ ಹಾಕುವ ಗಸಗಸೆ ಕೂಡ ಯುಎಇ, ಸಿಂಗಾಪುರಗಳಲ್ಲಿ ನಿಷಿದ್ಧ. ಉಮ್ಮ ಪ್ರೀತಿಯಿಂದ ಕಟ್ಟಿಕೊಟ್ಟ ಮಸಾಲೆ ಪೊಟ್ಟಣವನ್ನೂ ಬಿಚ್ಚಿ ನೋಡಿಯೇ ಚೀಲಕ್ಕೆ ಹಾಕಬೇಕು. ಔಷಧಿ ಇದ್ದರೆ ವೈದ್ಯರ ಚೀಟಿ ಜೊತೆಗಿರಲಿ. ಚೀಲ ತಾನೇ ಹೊತ್ತು ಒಂದು ಮೈಲಿ ನಡೆಯುವಷ್ಟು ಹಗುರ ಇರಲಿ.

ನಾಲ್ಕನೆಯದು, ದೀನ್. ಈ ಹುಡುಗ ಮಲೇಷ್ಯಾ ಆರಿಸಿದ್ದಕ್ಕೆ ಒಂದು ಕಾರಣ ಊಟ ನಮಾಝಿನ ಅನುಕೂಲ. ಅಲ್ಲಿಯ ಮುಸ್ಲಿಮರೂ ನಮ್ಮ ಹಾಗೆ ಶಾಫಿಈ ಮದ್‌ಹಬಿನವರು. ಅಂಗಡಿ, ನಿಲ್ದಾಣಗಳಲ್ಲೂ ನಮಾಝಿಗೆ 'ಸುರಾವ್' ಎಂಬ ಕೋಣೆ ಇರುತ್ತದೆ. ಪೆನಾಂಗಿನಲ್ಲಿ 1801ರಲ್ಲಿ ಸ್ಥಾಪನೆಯಾದ ಕಪಿತಾನ್ ಕೆಲಿಂಗ್ ಮಸೀದಿ ನಮ್ಮ ದಕ್ಷಿಣ ಭಾರತದಿಂದ ಹೋದ ಮುಸ್ಲಿಮರೇ ಕಟ್ಟಿಸಿದ್ದು. ಪೋರ್ಚುಗೀಸರು 1510ರಲ್ಲಿ ಗೋವಾ ಹಿಡಿದು ಮರುವರ್ಷವೇ ಹೋಗಿ ಹಿಡಿದದ್ದು ಮಲಾಕ್ಕಾ. ಅದೂ ಇವನ ಪಟ್ಟಿಯಲ್ಲಿದೆ. ಪ್ರಯಾಣಿಕನಿಗೆ ಖಸ್ರ್, ಜಮ್ಅ್ ಮಾಡುವ ರಿಯಾಯಿತಿ ಇದೆ. ಆದರೆ ಒಂದೇ ಊರಲ್ಲಿ, ತಲುಪುವ ಮತ್ತು ಹೊರಡುವ ದಿನ ಬಿಟ್ಟು, ಪೂರ್ತಿ ನಾಲ್ಕು ದಿನ ನಿಲ್ಲುವ ನಿಯ್ಯತ್ ಇದ್ದರೆ ಆ ರಿಯಾಯಿತಿ ಇಲ್ಲ. ಇದನ್ನು ಲೆಕ್ಕ ಹಾಕಿ ನೋಟ್ ಪುಸ್ತಕದ ಬದಿಯಲ್ಲಿ ಅವನೇ ಬರೆದುಕೊಂಡ. ಮದ್ರಸದಲ್ಲಿ ಈ ಪಾಠ ಮಾಡುವಾಗ ಇದೇ ಹುಡುಗ ಆಕಳಿಸುತ್ತಾ ಕೂತಿದ್ದ ಅಂತ ನಮಗೆ ನೆನಪಾಗಿ ನಗು ಬಂತು.

ಐದನೆಯದು, ಮನೆಗೆ ಸುದ್ದಿ. ದಿನಕ್ಕೊಂದು ಸಲ, ಇಶಾ ಆದ ಮೇಲೆ, ಎಲ್ಲಿದ್ದೇನೆ ಅಂತ ಒಂದು ಸಂದೇಶ. ಉಳಿಯುವ ಜಾಗಗಳ ಪಟ್ಟಿ ಮತ್ತು ಕೌಲಾಲಂಪುರದ ಭಾರತೀಯ ಹೈಕಮಿಷನ್ ಕಚೇರಿಯ ನಂಬರ್ ಮನೆಯ ಗೋಡೆ ಕ್ಯಾಲೆಂಡರಿನಲ್ಲಿ ಬರೆದಿಡಬೇಕು.

ಇದರ ಜೊತೆ ಒಂದು ಎಚ್ಚರಿಕೆ. "ಟೂರಿಸ್ಟ್ ಆಗಿ ಬಾ, ಅಲ್ಲೇ ಕೆಲಸ ಕೊಡಿಸ್ತೇವೆ, ಕಂಪ್ಯೂಟರ್ ಕೆಲಸ, ಒಳ್ಳೆ ಸಂಬಳ" ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬರಬೇಕು. ಹೀಗೆ ನಂಬಿ ಥಾಯ್ಲೆಂಡಿಗೆ ಹೋದ ಎಷ್ಟೋ ಭಾರತೀಯ ಯುವಕರನ್ನು ಗಡಿ ದಾಟಿಸಿ ಮ್ಯಾನ್ಮಾರಿನ ಸೈಬರ್ ವಂಚನೆಯ ಕೂಟಗಳಲ್ಲಿ ಕೂಡಿಹಾಕಿದ್ದರು. 2025ರ ಮಾರ್ಚಿನಲ್ಲಿ ವಾಯುಪಡೆಯ ವಿಮಾನಗಳಲ್ಲಿ 500ಕ್ಕೂ ಹೆಚ್ಚು ಮಂದಿಯನ್ನು ಸರಕಾರ ವಾಪಸು ಕರೆಸಿಕೊಳ್ಳಬೇಕಾಯಿತು. ತಿರುಗಲು ಹೋಗುವವನು ತಿರುಗಿ ಬರಬೇಕು. ಕೆಲಸಕ್ಕೆ ಹೋಗುವವನು ಕೆಲಸದ ವೀಸಾದಲ್ಲೇ ಹೋಗಬೇಕು. ಇವೆರಡನ್ನು ಬೆರೆಸಿದಲ್ಲೇ ಅನಾಹುತ ಆಗುವುದು.

ಹೆಣ್ಣುಮಕ್ಕಳ ವಿಷಯ ಏನು ಅಂತ ಓದುವ ಸಹೋದರಿಯರು ಕೇಳಬಹುದು. ನಮ್ಮ ಮದ್‌ಹಬಿನಲ್ಲಿ ಫರ್ಳ್ ಹಜ್ಜಿಗೆ ನಂಬಿಕಸ್ಥ ಸ್ತ್ರೀಯರ ಜೊತೆ ಹೋಗಲು ಅವಕಾಶ ಇದೆ. ನಮ್ಮ ದೇಶದ ಹಜ್ಜ್ ನೀತಿಯಲ್ಲೂ 2018ರಿಂದ 45 ದಾಟಿದ ಮಹಿಳೆಯರು ಗುಂಪಾಗಿ ಮಹ್ರಂ ಇಲ್ಲದೆ ಹೋಗಬಹುದು. ಸುಮ್ಮನೆ ನೋಡಿಬರುವ ಪ್ರವಾಸಕ್ಕೆ ಆ ರಿಯಾಯಿತಿ ಸಲ್ಲದು ಎಂಬುದು ನಾವು ಕಲಿತದ್ದು. ಅದನ್ನು ಬದಲಿಸಿ ಹೇಳುವಷ್ಟು ದೊಡ್ಡವರು ನಾವಲ್ಲ. ಆದರೆ ಒಂದು ಮಾತು. ಕೈಮಗು ಎತ್ತಿಕೊಂಡು ಮಂಗಳೂರಿನಿಂದ ಗಂಡನ ಹತ್ತಿರ ಒಬ್ಬಳೇ ವಿಮಾನ ಹತ್ತುವ ಸೊಸೆಯನ್ನು ನಾವು ಯಾರೂ ತಡೆಯುವುದಿಲ್ಲ. ಅವಳ ಅರ್ಜಿ ತುಂಬಿದವರು ಯಾರೋ, ಪಾಸ್‌ಪೋರ್ಟ್ ಇಟ್ಟುಕೊಂಡವರು ಯಾರೋ. ಕಳಿಸುವಾಗ ಇಲ್ಲದ ಚರ್ಚೆ ಅವಳು ತಾನಾಗಿ ಕೇಳುವಾಗ ಮಾತ್ರ ಯಾಕೆ? ಉಪ್ಪನ ಜೊತೆಗೋ, ಅಣ್ಣನ ಜೊತೆಗೋ, ಗಂಡನ ಜೊತೆಗೋ ಹೋಗಲಿ, ಕಾಗದಪತ್ರದ ಜ್ಞಾನ ಅವಳಿಗೂ ಇರಲಿ. ಇಬ್ನ್ ಬತೂತಾ ಹೊನ್ನಾವರದಲ್ಲಿ ಹುಡುಗರ 23 ಮದ್ರಸಗಳ ಜೊತೆ ಹುಡುಗಿಯರ 13 ಮದ್ರಸಗಳನ್ನೂ ಕಂಡದ್ದಾಗಿ ಬರೆದಿದ್ದಾರೆ. ಸುಮಾರು ಏಳು ನೂರು ವರ್ಷದ ಹಿಂದಿನ ಮಾತು ಅದು.

ಅವತ್ತು ಇಶಾ ಅಝಾನ್ ಆಗುವವರೆಗೆ ನಾವು ಮೂವರೂ ಆ ನೋಟ್ ಪುಸ್ತಕದ ಮೇಲೆ ಬಗ್ಗಿ ಕೂತಿದ್ದೆವು. ಉಪ್ಪ ಮೊದಲು ದೂರ ಕೂತವರು, ಬಸ್ಸಿನ ದರ ನೋಡುವಾಗ ಹತ್ತಿರ ಸರಿದರು. ಏಳುವಾಗ ನಮ್ಮನ್ನು ಬದಿಗೆ ಕರೆದು, "ನಾನು ಬೇಡ ಹೇಳಿದ್ದು ಅಪಾಯಕ್ಕಲ್ಲ ಉಸ್ತಾದರೇ. ನಾನು ಈ ಊರು ಬಿಟ್ಟು ಎಲ್ಲಿಗೂ ಹೋಗಿಲ್ಲ. ಅವನು ದಾರಿ ತಪ್ಪಿ ಫೋನ್ ಮಾಡಿದ್ರೆ ನನಗೆ ಏನು ಹೇಳ್ಲಿಕ್ಕೆ ಗೊತ್ತಾಗ್ತದೆ?" ಅಂದರು.

ಹೆಚ್ಚಿನ ಹೆತ್ತವರ "ಬೇಡ"ದ ಹಿಂದೆ ಇರುವುದು ಈ ಭಯವೇ. ಅದಕ್ಕೆ ಮಕ್ಕಳ ಮೇಲೆ ಸಿಟ್ಟು ಮಾಡಿ ಪ್ರಯೋಜನ ಇಲ್ಲ, ಮಕ್ಕಳೂ ಹೆತ್ತವರನ್ನು ಹಳೇ ಕಾಲದವರು ಅಂತ ತಳ್ಳಿಹಾಕಬಾರದು. ಕೂತು ಒಟ್ಟಿಗೆ ಲೆಕ್ಕ ಹಾಕಬೇಕು. ಮಗ ಎಲ್ಲಿ ಇಳಿಯುತ್ತಾನೆ, ಎಲ್ಲಿ ಮಲಗುತ್ತಾನೆ ಅಂತ ಉಪ್ಪನಿಗೂ ಗೊತ್ತಿದ್ದರೆ ಭಯ ಅರ್ಧ ಇಳಿಯುತ್ತದೆ. ಮಸೀದಿ ಕಮಿಟಿಗಳು, ಯುವಕರ ಸಂಘಟನೆಗಳು ವರ್ಷಕ್ಕೊಮ್ಮೆ ಹಜ್ಜ್ ತರಬೇತಿ ಮಾಡುವ ಹಾಗೆ ಒಂದು ಅರ್ಧ ದಿನ ಪಾಸ್‌ಪೋರ್ಟ್, ವೀಸಾ, ಕೆಲಸದ ಕರಾರು ಪತ್ರ ಓದುವುದು ಹೇಗೆ ಅಂತಲೂ ಕಲಿಸಿದರೆ ಒಳ್ಳೆಯದು. ತಿರುಗಲು ಹೋಗುವ ಒಬ್ಬನಿಗೆ ಅದು ಉಪಯೋಗ ಆಗುತ್ತದೆ, ದುಡಿಯಲು ಹೋಗುವ ಹತ್ತು ಜನರಿಗೆ ಇನ್ನೂ ಹೆಚ್ಚು ಉಪಯೋಗ ಆಗುತ್ತದೆ.

ಹುಡುಗ ಜುಲೈಯಲ್ಲಿ ಹೊರಡುತ್ತಾನೆ, ಹಗಲು ಇಳಿಯುವ ವಿಮಾನದಲ್ಲಿ. ಕಳೆದ ವಾರ ಉಪ್ಪ ಅವನ ಜೊತೆ ಹುಬ್ಬಳ್ಳಿಗೆ ಹೋಗಿಬಂದರಂತೆ. ತನಗೂ ಒಂದು ಪಾಸ್‌ಪೋರ್ಟ್ ಮಾಡಿಸಲು. "ಉಮ್ರಾಕ್ಕಾ?" ಅಂತ ಕೇಳಿದೆವು. "ಇನ್ಶಾ ಅಲ್ಲಾಹ್ ಅದಕ್ಕೂ. ಕೈಯಲ್ಲೊಂದು ಇರ್ಲಿ ಉಸ್ತಾದರೇ" ಅಂದರು.